ಕಾಮಿಕ್ಸ್ ಪುಟದಲ್ಲಿ ಯಾವ ಪ್ಯಾನೆಲ್ (ಒಂದೊಂದು ಚಿತ್ರದ ಚೌಕಟ್ಟು) ದೊಡ್ಡದಿರಬೇಕು, ಯಾವುದು ಚಿಕ್ಕದು ಅಂತ ಹೇಗೆ ನಿರ್ಧರಿಸೋದು?

ಓದುಗರು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನು ಮೊದಲು ಯೋಚಿಸಿ. ದೊಡ್ಡ ಪ್ಯಾನೆಲ್‌ನಲ್ಲಿ ಕಣ್ಣು ಜಾಸ್ತಿ ಹೊತ್ತು ಓಡಾಡುತ್ತದೆ, ಸಣ್ಣವುಗಳ ಸಾಲನ್ನು ಸರಸರ ದಾಟುತ್ತದೆ.

ಒಬ್ಬಳು ಬಾಗಿಲು ತೆರೆದು ಬೆಚ್ಚಿಬೀಳುವ ದೃಶ್ಯ ಅಂದುಕೊಳ್ಳಿ. ಚಿಲಕದ ಮೇಲಿನ ಬೆರಳು, ಸಂದಿಯಿಂದ ಬೀಳುವ ಬೆಳಕು, ಅಗಲವಾದ ಕಣ್ಣು. ಈ ಮೂರನ್ನೂ ಕಿರಿದಾಗಿ, ಒತ್ತೊತ್ತಾಗಿ ಬಿಡಿಸಿ. ಅವಳು ಕಂಡದ್ದನ್ನು ಮಾತ್ರ ಈಗಲೇ ತೋರಿಸಬೇಡಿ. ಪುಟ ಮಗುಚಿದ ಮೇಲೆ ದೊಡ್ಡದಾಗಿ ಬರಲಿ. ಎದುರು ಪುಟದಲ್ಲೇ ಇಟ್ಟರೆ ಕಣ್ಣು ಮೊದಲೇ ಅಲ್ಲಿಗೆ ಹೋಗಿಬಿಡುತ್ತದೆ, ಅಲ್ವಾ? ಮೊಬೈಲಿನಲ್ಲಿ ಸ್ಕ್ರಾಲ್ ಮಾಡಿ ಓದುವ ಕಾಮಿಕ್ಸ್ ಆದರೆ ಮಗುಚುವ ಪುಟವೇ ಇರುವುದಿಲ್ಲ. ಅಲ್ಲಿ ಆ ದೊಡ್ಡ ಚಿತ್ರಕ್ಕೆ ಮುಂಚೆ ಉದ್ದಕ್ಕೆ ಖಾಲಿ ಜಾಗ ಬಿಡಿ.

ಮಾತಿನ ಗುಳ್ಳೆಗಳಿಗೆ ಪೆನ್ಸಿಲ್ ಹಂತದಲ್ಲೇ ಜಾಗ ಇಡಿ. ಯಾರು ಮೊದಲು ಮಾತಾಡುತ್ತಾರೋ ಅವರನ್ನು ಎಡಗಡೆ ನಿಲ್ಲಿಸಿ.