ಪ್ರತಿಕ್ರಿಯೆ: ಸಮುದ್ರದಲ್ಲಿ ಮೊದಲ ಎಣ್ಣೆ ಬಾವಿ 1947ರದ್ದಾ, 1890ರ ದಶಕದ್ದಾ?

ಒಂದ್ಕಡೆ 1947 ಲೂಸಿಯಾನಾ ಅಂತ, ಇನ್ನೊಂದ್ಕಡೆ 1890ರ ದಶಕದ ಕ್ಯಾಲಿಫೋರ್ನಿಯಾ ಅಂತ ಇದೆ, ಯಾವ್ದು ಸರಿ ಅಂತ ಕೇಳಿದೀರಲ್ಲ, ಎರಡೂ ಸರೀನೇ, ಆದ್ರೆ ಬೇರೆ ಬೇರೆ ವಿಷ್ಯಕ್ಕೆ: 1890ರ ದಶಕದ್ದು ದಡಕ್ಕೆ ಸೇರ್ಕೊಂಡೇ ಸಮುದ್ರದಲ್ಲಿ ಕೊರೆದ ಮೊದಲ್ನೇದು, 1947ರದ್ದು ದಡ ಕಾಣದಷ್ಟು ದೂರದ ಮೊದಲ್ನೇದು.

ಕ್ಯಾಲಿಫೋರ್ನಿಯಾದ ಸಮ್ಮರ್‌ಲ್ಯಾಂಡಲ್ಲಿ ದಡದ ಬಾವಿಗಳು ನೀರಿನ ಕಡೆ ಹೋದಷ್ಟೂ ಚೆನ್ನಾಗಿ ಎಣ್ಣೆ ಕೊಡ್ತಿದ್ವು, ಹಾಗಾಗಿ ದಡದಿಂದ್ಲೇ ಸೇತುವೆ ಥರದ ಮರದ ಕಟ್ಟೆ ಕಟ್ಕೊಂಡು ಸಮುದ್ರದೊಳಗೆ ಹೋಗಿ ಅದರ ಮೇಲೆ ನಿಂತು ಕೊರೆದ್ರು. ಆದ್ರೆ ಅದು ನೆಲಕ್ಕೆ ಅಂಟ್ಕೊಂಡೇ ಇತ್ತು. ಹೀಗೇ ಬಿಟ್ಟು ಹೋದ ಬಾವಿಗಳಿಂದ ಆ ಬೀಚಲ್ಲಿ ಎಷ್ಟೋ ದಶಕ ಎಣ್ಣೆ ಸೋರಿದೆ, ಬೆಕರ್ ಅನ್ನೋ ಒಂದು ಬಾವೀನ 2018ರಲ್ಲಿ ಸರ್ಕಾರವೇ ದುಡ್ಡು ಹಾಕಿ ಮುಚ್ಚಿಸ್ತು. ಈ ಭಾಗ ಯಾರೂ ಹೇಳಲ್ಲ, ನಂಗದು ತುಂಬಾ ಬೇಜಾರು.

1947ರಲ್ಲಿ ಲೂಸಿಯಾನಾದಲ್ಲಿ ಕೆರ್-ಮೆಗೀ ಅನ್ನೋ ಎಣ್ಣೆ ಕಂಪನಿ ಬಾವಿ ಕೊರೆದಿದ್ದು ದಡ ಕಣ್ಣಿಗೇ ಕಾಣದಷ್ಟು ದೂರದಲ್ಲಿ, ಸುಮಾರು 10 ಮೈಲಿ ಆಚೆ. ಅಷ್ಟು ದೂರ ಹೋದ್ರೂ ನೀರಿನ ಆಳ ಬರೀ 20 ಅಡಿ ಆಸುಪಾಸು, ಯಾಕಂದ್ರೆ ಮೆಕ್ಸಿಕೋ ಕೊಲ್ಲಿ ಅಲ್ಲಿ ತುಂಬಾ ನಿಧಾನಕ್ಕೆ ಇಳಿಯತ್ತೆ. ನಿಜವಾದ ಜಾಣತನ ಅಂದ್ರೆ ಪ್ಲಾಟ್‌ಫಾರ್ಮ್ ಚಿಕ್ಕದಾಗಿ ಕಟ್ಟಿ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಅಮೆರಿಕದ ನೇವಿಗೆ ಬೇಡವಾಗಿದ್ದ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಒಂದನ್ನ ಪಕ್ಕದಲ್ಲೇ ನಿಲ್ಸಿ ಕೆಲಸದವ್ರು, ಸಾಮಾನು, ಪಂಪು ಎಲ್ಲಾ ಅದ್ರಲ್ಲಿ ಇಟ್ಟಿದ್ದು, ಇದ್ರಿಂದ ಎಣ್ಣೆ ಸಿಗದಿದ್ರೂ ನಷ್ಟ ಕಮ್ಮಿ.

ಇವೆರಡರ ನಡುವಿನ 1938ರ ಕ್ರಿಯೋಲ್ ಬಾವಿ ಬಗ್ಗೇನೂ ಓದಿ, ಅದೂ ಲೂಸಿಯಾನಾದ್ದೇ, ದಡದಿಂದ ಒಂದೂವರೆ ಮೈಲಿಯಷ್ಟೇ. ನಮ್ಮ ಬಾಂಬೆ ಹೈನಲ್ಲಿ (ಮುಂಬೈ ಆಚೆ ಸಮುದ್ರದಲ್ಲಿರೋ ಎಣ್ಣೆ ನಿಕ್ಷೇಪ) ಎಣ್ಣೆ ಸಿಕ್ಕಿದ್ದು 1974ರಲ್ಲಿ, ಸಾಗರ್ ಸಮ್ರಾಟ್ ಅನ್ನೋ ಕೊರೆಯೋ ರಿಗ್‌ನಿಂದ.