ಸೆಗಣಿ ಹಣತೆ ಬಿರುಕು ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ: ಪ್ರತಿಕ್ರಿಯೆ

ಗೋಶಾಲೆಗೆಂದು ನಿಮ್ಮ ಸಂಘದವರು ಉಡುಪಿಯಲ್ಲಿ ಮಾಡುವ ಸೆಗಣಿ ಹಣತೆ ಬಿರಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಏನು ಮಾಡುವುದು ಎಂದು ಕೇಳಿದ್ದೀರಿ. ಬಿರಿಯಲು ಕಾರಣ ಬಹುಶಃ ಹಸಿ ಸೆಗಣಿಯನ್ನೇ ಅಚ್ಚಿಗೆ ಒತ್ತುತ್ತಿರುವುದು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ನೀರು ಹಾಗೇ ಉಳಿಯುತ್ತದೆ. ಬೂಷ್ಟಿಗೆ ಉಡುಪಿಯ ಮಳೆಗಾಲವೇ ಸಾಕು.

ಮೊದಲು ಬೆರಣಿ ತಟ್ಟಿ ಪೂರ್ತಿ ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯಿರಿ. ಬೈಹುಲ್ಲಿನ ನಾರು ಉಳಿದರೆ ಅಂಚು ಸರಿಯಾಗಿ ಕೂರುವುದಿಲ್ಲ. ಕಿಲೋ ಪುಡಿಗೆ ಸುಮಾರು 50ರಿಂದ 100 ಗ್ರಾಂ ಗೌರ್ ಗಮ್ (ಗೋರಿಕಾಯಿ ಬೀಜದ ಅಂಟು ಪುಡಿ) ಬೆರೆಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ದನದ ಮೇವು ನೋಡಿಕೊಂಡು ಅಂಟಿನ ಪ್ರಮಾಣ ಹೆಚ್ಚುಕಮ್ಮಿ ಆಗಬಹುದು, ಮೊದಲು ಹತ್ತು ಹಣತೆ ಮಾತ್ರ ಮಾಡಿ ನೋಡಿ. ಒಂದು ದಿನ ನೆರಳಲ್ಲಿಟ್ಟು, ಆಮೇಲೆ ಬಿಸಿಲಿಗೆ ಹಾಕಿ. ಮಳೆಗಾಲದಲ್ಲೇ ಮಾಡಬೇಕಿದ್ದರೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿಯಲ್ಲಿ ಗಾಳಿಯಾಡುವಂತೆ ಹರಡಿ.

ನಿಜ ಹೇಳಬೇಕೆಂದರೆ ದೀಪಾವಳಿಯ ಹಣತೆಯನ್ನು ಮಾರ್ಚ್-ಏಪ್ರಿಲ್‌ನಲ್ಲೇ ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಕಟ್ಟಿಡಬೇಕು. ಜುಲೈಯ ಮಳೆಯಲ್ಲಿ ಶುರು ಮಾಡಿದರೆ ಮಾಡಿದ ಕೆಲಸದ ಕೂಲಿಯೂ ಗಿಟ್ಟುವುದು ಕಷ್ಟ.

ಇನ್ನೊಂದು, ನೀವು ಕೇಳದಿದ್ದರೂ: ಸೆಗಣಿ ಎಣ್ಣೆ ಹೀರುತ್ತದೆ, ಬತ್ತಿ ಕೊನೆಗೆ ಬಂದಾಗ ಹಣತೆಯೇ ಹೊತ್ತಿಕೊಳ್ಳಬಹುದು. ಲೋಹದ ತಟ್ಟೆಯ ಮೇಲಿಟ್ಟೇ ಹಚ್ಚಿ ಎಂದು ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.