ಬಿಚ್ಚಿಹೋದ ಲೇಸ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನಿವೃತ್ತ ಸೈನಿಕರು, ಐವತ್ತರ ಆಸುಪಾಸು. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದದ್ದು ಹೆಂಡತಿ. "ಮಗನ ಶೂ ಲೇಸ್ ಬಿಚ್ಚಿತ್ತು, ಅಷ್ಟೇ. ಅದಕ್ಕೆ ಅವನ ಮೇಲೆ ಕೈ ಮಾಡಿಬಿಟ್ಟರು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತರು" ಎಂದರು ಆಕೆ. ಅವರು ನೆಲ ನೋಡುತ್ತಾ ಕೂತಿದ್ದರು.

ಮೊದಲೆರಡು ಸಲ ಬರೀ ನಿದ್ದೆ, ಕುಡಿತದ ಮಾತೇ ಆಯಿತು. ಮೂರನೇ ಸಲ ತಾವಾಗಿಯೇ ಬಾಯಿಬಿಟ್ಟರು. ಯುದ್ಧದಲ್ಲಿ ಎದುರಾಳಿ ಸೈನಿಕನೊಬ್ಬನಿಗೆ ತೀರಾ ಹತ್ತಿರದಿಂದ ಗುಂಡು ಹೊಡೆದಿದ್ದರು. ಹೋಗಿ ನೋಡಿದರೆ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಒಂದು ಬೂಟಿನ ಲೇಸ್ ಬಿಚ್ಚಿತ್ತು. "ಕಟ್ಟಿಕೊಳ್ಳೋಕೂ ಪುರುಸೊತ್ತು ಸಿಕ್ಕಿರಲಿಲ್ಲ ಮೇಡಂ ಅವನಿಗೆ."

"ಅದು ನಿಮ್ಮ ಕರ್ತವ್ಯ ಆಗಿತ್ತಲ್ವಾ" ಎಂದೆ. ಮಾತು ಅಲ್ಲಿಗೇ ನಿಂತುಹೋಯಿತು. ನಾನು ಹಾಗೆ ಹೇಳಬಾರದಿತ್ತು. ಆ ಮಾತನ್ನು ಅವರು ಎಲ್ಲರ ಬಾಯಲ್ಲೂ ಕೇಳಿದ್ದರು, ಒಂದು ಸಲವೂ ಭಾರ ಇಳಿದಿರಲಿಲ್ಲ.

1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಸೇರಿದ ಮೇಲೆ, ಸೈನಿಕರ ಸಂಕಟ ಎಂದರೆ ನಾವು ಹೆಚ್ಚಾಗಿ ಭಯವನ್ನೇ ಹುಡುಕುತ್ತೇವೆ. ಇವರಿಗೆ ಭಯ ಇರಲಿಲ್ಲ. ಇದ್ದದ್ದು 'ನಾನು ಎಂಥವನಾಗಿಬಿಟ್ಟೆ' ಎಂಬ ನಾಚಿಕೆ. ತಾನೇ ತಪ್ಪೆಂದು ನಂಬಿದ್ದನ್ನು ತನ್ನ ಕೈಯಾರೆ ಮಾಡಿದಾಗ ಆಗುವ ಇಂಥ ಗಾಯಕ್ಕೆ ಮಾರಲ್ ಇಂಜುರಿ ಎನ್ನುತ್ತಾರೆ. ಆದೇಶ ಇತ್ತು ಅಂದಮಾತ್ರಕ್ಕೆ ಅದು ವಾಸಿಯಾಗುವುದಿಲ್ಲ.

ಸಾಯಬೇಕು ಅನಿಸುತ್ತಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. "ಅನಿಸಿದ್ದುಂಟು" ಎಂದರು. ಮನೆಯಲ್ಲಿ ಬಂದೂಕು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಕುಡಿತಕ್ಕೂ ಅಲ್ಲೇ ಚಿಕಿತ್ಸೆ.

ಹೆಂಡತಿಗೆ ಹೇಳಿದ್ದಿಷ್ಟು: ಮರೆತುಬಿಡಿ ಅನ್ನಬೇಡಿ, ಕೆದಕಿ ಕೇಳಲೂ ಬೇಡಿ. ಹೇಳಿದಾಗ ಮುಖ ತಿರುಗಿಸದೆ ಸುಮ್ನೆ ಕೇಳಿಸಿಕೊಳ್ಳಿ. ಮಗನ ವಿಷಯದಲ್ಲಿ ಮಾತ್ರ ನಾನು ರಿಯಾಯಿತಿ ಕೊಡಲಿಲ್ಲ. ಅಪ್ಪನ ನೋವು ದೊಡ್ಡದೇ, ಆದರೆ ಪೆಟ್ಟು ತಿಂದದ್ದು ಮಗು. "ನಿನ್ನ ತಪ್ಪಿಲ್ಲ ಕಣೋ" ಎಂದು ಅವರೇ ಹೇಳಬೇಕು, ಮತ್ತೆ ಕೈ ಎತ್ತಬಾರದು ಎಂದೆ. ಆ ರಾತ್ರಿಯೇ ಹೇಳಿದರಂತೆ.

ಸತ್ತ ಹುಡುಗನಿಗೆ ಒಂದು ಕಾಗದ ಬರೆಯಲು ಹೇಳಿದೆ. ಕ್ಷಮೆ ಕೇಳಲೇಬೇಕೆಂದಿಲ್ಲ, ಅವನಿಗೆ ಹೇಳಬೇಕಾದ್ದನ್ನು ಹೇಳಿ ಅಂದೆ. ಎರಡು ವಾರ ಖಾಲಿ ಹಾಳೆಯನ್ನೇ ತಂದರು. ಮೂರನೇ ವಾರ ನಾಲ್ಕು ಸಾಲು ಇತ್ತು. ಓದುವಾಗ ಹಾಳೆ ನಡುಗುತ್ತಿತ್ತು. "ನನಗೂ ಒಬ್ಬ ಮಗ ಇದ್ದಾನೆ" ಅನ್ನುವ ಹೊತ್ತಿಗೆ ಗಂಟಲು ಕಟ್ಟಿತು. ನಾನು ಏನೂ ಹೇಳಲಿಲ್ಲ, ನೀರಿನ ಲೋಟ ಹತ್ತಿರ ಸರಿಸಿದೆ.

ಕುಡಿತ ಈಗ ಕಡಿಮೆಯಾಗಿದೆ. ನಿದ್ದೆ ಇನ್ನೂ ಸರಿಹೋಗಿಲ್ಲ. ಕಾಗದ ಮುಗಿದಿಲ್ಲ, ಮುಂದಿನ ವಾರ ಮತ್ತೆ ತರುತ್ತೇನೆ ಎಂದಿದ್ದಾರೆ.